ಗಗನಸಖಿ ಕೇಳ್ತಾಳೆ: ವೆಜ್ಜಾ, ನಾನ್‌ವೆಜ್ಜಾ?

ದಾವಣಗೆರೆಯಿಂದ ಒಬ್ಬ ಓದುಗ ದೊರೆ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಹಾಕುವುದಿಲ್ಲ, ಧೈರ್ಯವಾಗಿರಿ! ಪ್ರಶ್ನೆ ಮಾತ್ರ ಇಲ್ಲಿದೆ: “ಸಾರ್, ನಮ್ಮ ಹೀರೋಗಳು ಒಂದು ಡ್ಯೂಯೆಟ್ಟಿಗೋಸ್ಕರ ಫಾರಿನ್ನಿಗೆ ಹಾರುತ್ತಾರಲ್ಲ, ವಿಮಾನದಲ್ಲಿ ಅವರಿಗೆ ಕೋಳಿ, ಕುರಿ ಎಲ್ಲಾ ಕೊಡ್ತಾರಂತೆ. ನಮ್ಮ ಬಸ್ ಸ್ಟ್ಯಾಂಡ್ ಎದುರಿನ ಮಿಲಿಟರಿ ಹೋಟೆಲಿಗಿಂತ ಚೆನ್ನಾಗಿರುತ್ತಾ?”

ಒಂದೇ ಮಾತಿನಲ್ಲಿ ಉತ್ತರ: ಇರೋದಿಲ್ಲ.

ಆದರೆ ಒಂದೇ ಮಾತಿಗೆ ಸಂಪಾದಕರು ಕಾಸು ಕೊಡೋದಿಲ್ಲ. ಜತೆಗೆ ಈ ‘ಇರೋದಿಲ್ಲ’ ಅನ್ನೋದರ ಹಿಂದೆ ಒಂದು ಸಿನಿಮಾಕ್ಕೆ ಆಗುವಷ್ಟು ಕಥೆ ಇದೆ. ಹಾಸ್ಯ ಇದೆ, ವಿಜ್ಞಾನ ಇದೆ, ಒಂದು ಸಾವೂ ಇದೆ. ಅದಕ್ಕೇ ಈ ವಾರದ ಪುಟವನ್ನೆಲ್ಲ ಕೋಳಿಗೇ ಬಿಟ್ಟುಕೊಟ್ಟಿದ್ದೇನೆ. ತಾರೆಯರು ಕ್ಷಮಿಸಬೇಕು.

ಹಾರುವವರು ಈಗ ಹೀರೋಗಳಷ್ಟೇ ಅಲ್ಲ

1978ರಲ್ಲಿ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ಬಂದಾಗ ಕನ್ನಡದ ಕ್ಯಾಮೆರಾ ಮೊದಲ ಸಲ ಹೊರದೇಶಕ್ಕೆ ಹೋಗಿತ್ತು. ದ್ವಾರಕೀಶ್, ವಿಷ್ಣುವರ್ಧನ್ ಜೋಡಿ. ಆ ದಿನಗಳಲ್ಲಿ ನಮ್ಮಂಥವರಿಗೆ ವಿಮಾನ ಅಂದರೆ ತೆರೆಯ ಮೇಲೆ ನೋಡುವ ವಸ್ತು, ಇಲ್ಲವೇ ತಲೆ ಎತ್ತಿ ನೋಡುವ ವಸ್ತು.

ಆಮೇಲೆ ಕಾಲ ಬದಲಾಯಿತು. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದರು. ಟಿಕೆಟ್ಟು ಅಗ್ಗ, ಆದರೆ ಊಟ ಪುಕ್ಕಟೆ ಇಲ್ಲ. ಬೇಕಾದವರು ಕಾಸು ಕೊಟ್ಟು ತಿನ್ನಿ ಅಂದರು. ಸೂರ್ಯ ನಟಿಸಿದ ತಮಿಳಿನ ‘ಸೂರರೈ ಪೋಟ್ರು’ (2020) ಎಳೆ ತೆಗೆದುಕೊಂಡಿದ್ದು ಈ ನಮ್ಮ ಗೋಪಿನಾಥರ ಬದುಕಿನಿಂದಲೇ. ಈಗ ದುಬೈಗೆ ವೈರಿಂಗ್ ಕೆಲಸಕ್ಕೆ ಹೋಗುವ ಹುಡುಗನೂ ಹಾರುತ್ತಾನೆ, ಮಗಳ ಬಾಣಂತನಕ್ಕೆ ಅಮೆರಿಕಾಗೆ ಹೋಗುವ ಅಜ್ಜಿಯೂ ಹಾರುತ್ತಾಳೆ. ಹಾಗಾಗಿ ಇದು ತಾರೆಯರ ಗಾಸಿಪ್ಪಲ್ಲ, ನಾಳೆ ನಿಮ್ಮ ತಟ್ಟೆಯ ಮಾತು.

ವಿಮಾನದ ಊಟಕ್ಕೆ ನೂರು ವರ್ಷ ದಾಟಿದೆ. 1919ರಲ್ಲಿ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹಾರುತ್ತಿದ್ದ ಹ್ಯಾಂಡ್ಲಿ ಪೇಜ್ ಕಂಪನಿ ಮೂರು ಶಿಲ್ಲಿಂಗಿಗೆ ಒಂದು ಡಬ್ಬಿ ಮಾರಿತು. ಒಳಗೆ ಸ್ಯಾಂಡ್‌ವಿಚ್ಚು, ಹಣ್ಣು. ಬಿಸಿ ಇಲ್ಲ, ಸಾರಿಲ್ಲ. 1936ರಲ್ಲಿ ಅಮೆರಿಕದ ಯುನೈಟೆಡ್ ಕಂಪನಿ ನೆಲದ ಮೇಲೆ ತನ್ನದೇ ಅಡುಗೆಮನೆ ಕಟ್ಟಿ, ಅಲ್ಲಿಂದ ಊಟ ಮೇಲೆ ಕಳಿಸೋಕೆ ಶುರು ಮಾಡಿತು. ಇವತ್ತಿಗೂ ಪದ್ಧತಿ ಅದೇ. ಅಡುಗೆ ಕೆಳಗೆ, ಊಟ ಮೇಲೆ. ಗಗನಸಖಿ ಒಲೆ ಹಚ್ಚೋದಿಲ್ಲ ಸ್ವಾಮಿ, ಬಿಸಿ ಮಾಡಿ ಕೊಡ್ತಾಳೆ ಅಷ್ಟೆ. ವಿಮಾನದಲ್ಲಿ ಬೆಂಕಿಯ ಒಲೆಗೆ ಜಾಗವೇ ಇಲ್ಲ.

ಇನ್ನು ಮಾಂಸ ಕೊಡಬೇಕೋ ಬೇಡವೋ ಅನ್ನೋದು ರುಚಿಗಿಂತ ಲೆಕ್ಕದ ಮಾತು. 2017ರ ಜುಲೈಯಲ್ಲಿ ಏರ್ ಇಂಡಿಯಾ, ದೇಶದೊಳಗಿನ ಹಾರಾಟದಲ್ಲಿ ಎಕಾನಮಿ ಪ್ರಯಾಣಿಕರಿಗೆ ಮಾಂಸದೂಟ ನಿಲ್ಲಿಸಿತು. ವರ್ಷಕ್ಕೆ ಏಳೆಂಟು ಕೋಟಿ ಉಳಿಯುತ್ತೆ, ಊಟ ವೇಸ್ಟಾಗೋದೂ ತಪ್ಪುತ್ತೆ ಅಂತ ಕಾರಣ ಕೊಟ್ಟರು. ಮುಂದಿನ ಸೀಟಿನ ಬಿಸಿನೆಸ್ ಕ್ಲಾಸ್ ದೊರೆಗಳ ಕೋಳಿಗೆ ಏನೂ ಆಗಲಿಲ್ಲ! 2022ರ ಜನವರಿ 27ರಂದು ಕಂಪನಿ ಟಾಟಾ ಕೈಗೆ ಬಂತು. ಅದಾದ ಮೇಲೆ ಎಕಾನಮಿಯ ಪಟ್ಟಿಗೂ ಮಾಂಸ ವಾಪಸ್ ಬಂತು.

ಊಟಿಯಷ್ಟು ಎತ್ತರ, ಮರಳುಗಾಡಿನಷ್ಟು ಒಣ

ಈಗ ರುಚಿಯ ವಿಷಯಕ್ಕೆ ಬರೋಣ.

ವಿಮಾನ ಹಾರೋದು ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲಿ ಮನುಷ್ಯ ಬದುಕಲಾರ. ಅದಕ್ಕೇ ಒಳಗೆ ಗಾಳಿ ತುಂಬಿ ಒತ್ತಡ ಹೆಚ್ಚಿಸುತ್ತಾರೆ. ಆದರೂ ನೆಲದ ಮೇಲಿನಷ್ಟು ಒತ್ತಡ ಇರೋದಿಲ್ಲ, ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲೆ ಕೂತ ಹಾಗಿರುತ್ತೆ. ನಮ್ಮ ಎಷ್ಟೋ ಪ್ರೇಮಗೀತೆಗಳನ್ನು ಚಿತ್ರೀಕರಿಸಿದ ಊಟಿ ಇರೋದು ಸುಮಾರು 7,350 ಅಡಿಯಲ್ಲಿ. ಅಂದರೆ ವಿಮಾನದಲ್ಲಿ ಕೂತವನು ಊಟಿಯಲ್ಲಿ ಕೂತ ಹಾಗೇ. ಆದರೆ ಮಂಜಿಲ್ಲ, ತೇವ ಇಲ್ಲ. ಗಾಳಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟೂ ತೇವ ಇರದ, ಮರಳುಗಾಡಿನಂಥ ಊಟಿ! ಮೂಗು ಒಣಗುತ್ತೆ, ಬಾಯಿ ಒಣಗುತ್ತೆ. ರುಚಿಯಲ್ಲಿ ದೊಡ್ಡ ಪಾಲು ಮೂಗಿನದು. ನೆಗಡಿಯಾದಾಗ ಅಮ್ಮನ ಕೈಯ ಸಾರೂ ಸಪ್ಪೆ ಅನ್ನಿಸೋದಿಲ್ವೇ? ಅದೇ ಸಂಗತಿ.

2010ರಲ್ಲಿ ಜರ್ಮನಿಯ ಲುಫ್ತಾನ್ಸಾ ಕಂಪನಿ ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯಿಂದ ಇದನ್ನು ಪರೀಕ್ಷೆ ಮಾಡಿಸಿತು. ಹಳೇ ಏರ್‌ಬಸ್ಸಿನ ಒಂದು ತುಂಡನ್ನು ನೆಲದ ಮೇಲೇ ಇಟ್ಟು, ಗಾಳಿಯ ಒತ್ತಡ ಇಳಿಸಿ, ಜನರನ್ನು ಕೂರಿಸಿ ಊಟ ಕೊಟ್ಟರು. ನಮ್ಮ ಸ್ಟುಡಿಯೋದಲ್ಲಿ ಸೆಟ್ ಹಾಕ್ತಾರಲ್ಲ, ಹಾಗೆ. ಗೊತ್ತಾಗಿದ್ದೇನು? ಉಪ್ಪಿನ ರುಚಿ ನೂರಕ್ಕೆ 20ರಿಂದ 30 ಪಾಲು ಕಮ್ಮಿ ತಿಳಿಯುತ್ತೆ, ಸಿಹಿ 15ರಿಂದ 20 ಪಾಲು ಕಮ್ಮಿ. ಇದರ ಮೇಲೆ ಎಂಜಿನ್ನಿನ ಗುಂಯ್ ಸದ್ದು ಬೇರೆ. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಆ ಸದ್ದನ್ನು ಕೇಳಿಸುತ್ತಾ ರುಚಿ ನೋಡಿಸಿದರು. ಸಿಹಿ ಮಂಕಾಯಿತು. ಆದರೆ ಮಾಂಸದ ರಸ, ಟೊಮೆಟೊ, ಅಣಬೆಯಲ್ಲಿ ಒಂದು ದಟ್ಟ ರುಚಿ ಇರುತ್ತಲ್ಲ, ಜಪಾನಿನವರು ‘ಉಮಾಮಿ’ ಅಂತಾರೆ, ಅದು ಮಾತ್ರ ಇನ್ನಷ್ಟು ಎದ್ದು ನಿಂತಿತು!

ಈ ‘ಉಮಾಮಿ’ ಮಾತನ್ನು ನೆನಪಿಟ್ಟುಕೊಳ್ಳಿ. ಕ್ಲೈಮ್ಯಾಕ್ಸಿಗಿಂತ ಮೊದಲೇ ಬೇಕಾಗುತ್ತೆ.

ಎದೆ ಪೀಸು ಸೋಲುತ್ತೆ, ಸಾರು ಗೆಲ್ಲುತ್ತೆ

ಎರಡು ವರ್ಷದ ಹಿಂದೆ ಒಂದು ಚಿತ್ರತಂಡದ ಜತೆ ವರದಿಗಾಗಿ ದುಬೈಗೆ ಹೋಗಿದ್ದೆ. ನಿರ್ಮಾಪಕರ ಕಾಸು, ಹಿಂದಿನ ಸಾಲಿನ ಸೀಟು. ಪಕ್ಕದಲ್ಲಿ ಮಂಡ್ಯ ಕಡೆಯ ಮೇಕಪ್ ಅಣ್ಣ, ಮೂವತ್ತು ವರ್ಷ ಫೀಲ್ಡಿನಲ್ಲಿ ಬಣ್ಣ ಹಚ್ಚಿದವರು. ಯಾವ ಕಂಪನಿಯ ವಿಮಾನ ಅಂತ ಕೇಳಬೇಡಿ. ಟ್ರೇ ಬಂತು. ನನ್ನದರಲ್ಲಿ ಗ್ರಿಲ್ಡ್ ಚಿಕನ್. ಬೆಳ್ಳಗೆ, ಚೌಕವಾಗಿ, ಮೇಲೆ ನಾಲ್ಕು ಕಪ್ಪು ಗೆರೆ. ನೋಡೋಕೆ ಹೀರೋಯಿನ್! ಕಚ್ಚಿದರೆ ಹವಾಯಿ ಚಪ್ಪಲಿಯ ಅಟ್ಟೆ. ಅಣ್ಣನ ಟ್ರೇಯಲ್ಲಿ ಚಿಕನ್ ಕರಿ. ನೋಡೋಕೆ ಏನೂ ಇಲ್ಲ, ಕಂದು ಗೊಜ್ಜಿನಲ್ಲಿ ಮುಳುಗಿದ ನಾಲ್ಕು ತುಂಡು. ಅವರು ಅರ್ಧ ನನ್ನ ಕಡೆ ತಳ್ಳಿದರು.

“ತಗೋ ಮರಿ. ಮೇಲೆ ಬಂದಾಗ ಸಾರಲ್ಲಿ ಮುಳುಗಿರೋದನ್ನೇ ಈಸ್ಕೋಬೇಕು ಕಣಪ್ಪ. ಒಣಗಿರೋದು ಫೋಟೋಕ್ಕೆ ಸರಿ.”

ತಿಂದೆ. ನಮ್ಮೂರ ಹಬ್ಬದ ಸಾರಲ್ಲ ಬಿಡಿ, ಆದರೆ ಊಟ ಅನ್ನಬಹುದಾಗಿತ್ತು. ಒಂದೇ ಅಡುಗೆಮನೆ, ಒಂದೇ ವಿಮಾನ, ಒಂದೇ ಓವನ್. ಆದರೂ ಒಂದು ಅಟ್ಟೆ, ಒಂದು ಊಟ. ಯಾಕೆ?

ಕಾರಣ ಸರಳ. ಕೆಳಗೆ ಬೇಯಿಸಿದ ಮಾಂಸವನ್ನು ಗಡಿಯಾರ ನೋಡಿಕೊಂಡು ಬೇಗ ಬೇಗ ತಣ್ಣಗೆ ಮಾಡ್ತಾರೆ, 5 ಡಿಗ್ರಿ ಹತ್ತಿರಕ್ಕೆ. ಹಾಗೇ ತಣ್ಣಗೆ ಇಟ್ಟು, ಟ್ರೇಗೆ ತುಂಬಿ, ಲಾರಿಯಲ್ಲಿ ವಿಮಾನಕ್ಕೆ ಏರಿಸ್ತಾರೆ. ಮೇಲೆ ಮತ್ತೆ ಓವನ್ನಿನ ಬಿಸಿ ಗಾಳಿ. ಅಂದರೆ ಒಂದೇ ಕೋಳಿ ಎರಡು ಸಲ ಬೇಯುತ್ತೆ. ಕಾವು ಬಿದ್ದಾಗಲೆಲ್ಲ ಮಾಂಸದ ನಾರು ಹಿಂಡಿದ ಬಟ್ಟೆಯ ಹಾಗೆ ನೀರು ಬಿಡುತ್ತೆ. ಎದೆ ಪೀಸಿನಲ್ಲಿ ಕೊಬ್ಬು ಕಮ್ಮಿ. ನೀರು ಹೋದರೆ ಉಳಿಯೋದು ನಾರು ಮಾತ್ರ. ತೊಡೆ ಪೀಸಿನಲ್ಲಿ ಕೊಬ್ಬೂ ಇದೆ, ಬೆಂದಾಗ ಕರಗಿ ಅಂಟಂಟಾಗುವ ಅಂಗಾಂಶವೂ ಇದೆ. ಅದು ಎರಡನೇ ಬಿಸಿಯನ್ನೂ ತಡೆದುಕೊಳ್ಳುತ್ತೆ. ಮೇಲೆ ಗೊಜ್ಜು ಇದ್ದರೆ ಓವನ್ನಿನ ಒಣ ಗಾಳಿ ಮಾಂಸವನ್ನು ಮುಟ್ಟೋದೇ ಇಲ್ಲ. ಜತೆಗೆ ಈರುಳ್ಳಿ, ಟೊಮೆಟೊ, ಮಾಂಸದ ರಸ ಸೇರಿದ ಗೊಜ್ಜಿನಲ್ಲಿ ಆ ಉಮಾಮಿ ಇದೆಯಲ್ಲ, ಅದು ಎತ್ತರಕ್ಕೂ ಜಗ್ಗೋದಿಲ್ಲ, ಸದ್ದಿಗೂ ಜಗ್ಗೋದಿಲ್ಲ.

ಇದನ್ನು ಒಬ್ಬ ಫ್ರೆಂಚ್ ಬಾಣಸಿಗ 1973ರಲ್ಲೇ ಹೇಳಿದ್ದ. ಹೆಸರು ರೇಮಂಡ್ ಒಲಿವರ್. ಅಲ್ಲಿನ ಯುಟಿಎ ಅನ್ನೋ ವಿಮಾನ ಕಂಪನಿ ‘ನಮ್ಮ ಊಟ ಸುಧಾರಿಸಿ ಕೊಡಿ’ ಅಂತ ಅವನನ್ನು ಕರೆಸಿತು. ಅವನು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಹುರಿದಿದ್ದು, ಸುಟ್ಟಿದ್ದು ಬಿಡಿ, ವೈನಿನಲ್ಲಿ ಬೇಯಿಸಿದ ಕೋಳಿ, ನಿಧಾನಕ್ಕೆ ಬೆಂದ ದನದ ಮಾಂಸ, ಬಿಳಿ ಗೊಜ್ಜಿನ ಕರುವಿನ ಮಾಂಸ, ಇಂಥ ರಸದಲ್ಲಿ ಮುಳುಗಿದ ಮನೆಯಡುಗೆಯನ್ನೇ ಕೊಡಿ ಅಂದ. ಎರಡನೇ ಸಲ ಬಿಸಿ ಮಾಡಿದರೂ ಕೆಡದ ಅಡುಗೆ.

ಇದನ್ನು ತಿಳಿಯೋಕೆ ನಮಗೆ ಪ್ಯಾರಿಸ್ ಬೇಕಾ ಗುರೂ? ಭಾನುವಾರದ ಮಟನ್ ಸಾರು ಸೋಮವಾರ ಬೆಳಿಗ್ಗೆ ಇನ್ನೂ ರುಚಿ ಅಂತ ನಮ್ಮಲ್ಲಿ ಯಾವ ಮನೆಯಲ್ಲಿ ಗೊತ್ತಿಲ್ಲ? ಭಾನುವಾರದ ಕಬಾಬನ್ನು ಸೋಮವಾರ ಬಿಸಿ ಮಾಡಿ ತಿನ್ನಿ ನೋಡೋಣ!

ಆದರೂ ಒಂದು ಕೊರತೆ ಉಳಿಯುತ್ತೆ. ವಿಮಾನದಲ್ಲಿ ಸಾಮಾನ್ಯವಾಗಿ ಕೊಡೋದು ಮೂಳೆ ಇಲ್ಲದ ಮಾಂಸ. ತೂಕ ಕಮ್ಮಿ, ತುಂಡಿನ ಅಳತೆ ಸುಲಭ, ಗಂಟಲಿಗೆ ಸಿಕ್ಕುವ ಭಯವೂ ಇಲ್ಲ. ಆದರೆ ಮೂಳೆ ಚೀಪದೆ ಮಾಂಸದೂಟ ಎಲ್ಲಿ ಮುಗಿಯುತ್ತೆ? ಆ ಒಂದು ಲೆಕ್ಕದಲ್ಲಿ ಬಸ್ ಸ್ಟ್ಯಾಂಡ್ ಹೋಟೆಲೇ ಯಾವತ್ತೂ ಮುಂದೆ.

ತೆರೆಯ ಮೇಲೆ ಮೀನು, ಬದುಕಿನಲ್ಲಿ ಹಂದಿ ಮಾಂಸ

ಇಲ್ಲಿಗೆ ಹಾಸ್ಯ ಮುಗಿಯಿತು. ಇನ್ನು ಗಂಭೀರ ದೃಶ್ಯ.

1957ರಲ್ಲಿ ‘ಝೀರೋ ಅವರ್’ ಅನ್ನೋ ಹಾಲಿವುಡ್ ಚಿತ್ರ ಬಂತು. ವಿಮಾನದಲ್ಲಿ ಊಟ, ಮಾಂಸ ಇಲ್ಲವೇ ಮೀನು. ಮೀನು ತಿಂದವರೆಲ್ಲ ಹೊಟ್ಟೆ ಹಿಡಿದುಕೊಂಡು ಬೀಳ್ತಾರೆ. ವಿಮಾನ ನಡೆಸುವವರೂ ಮೀನೇ ತಿಂದಿರ್ತಾರೆ! ಕೊನೆಗೆ, ಯುದ್ಧಕಾಲದಲ್ಲಿ ವಿಮಾನ ನಡೆಸಿದ್ದ ಒಬ್ಬ ಪ್ರಯಾಣಿಕ ಅದನ್ನು ಇಳಿಸಬೇಕು. ಇದೇ ಕಥೆಯ ಹಕ್ಕು ಕೊಂಡು 1980ರಲ್ಲಿ ‘ಏರ್‌ಪ್ಲೇನ್’ ಅಂತ ನಗೆಚಿತ್ರ ಮಾಡಿದರು. ಜಗತ್ತೇ ಬಿದ್ದು ಬಿದ್ದು ನಕ್ಕಿತು.

ಆ ಎರಡು ಚಿತ್ರಗಳ ನಡುವೆ, 1975ರಲ್ಲಿ, ಅದು ನಿಜವಾಗಿಯೂ ನಡೆದುಹೋಗಿತ್ತು.

ಜಪಾನ್ ಏರ್‌ಲೈನ್ಸಿನ ಜಂಬೋ ವಿಮಾನ. ಟೋಕಿಯೋದಿಂದ ಹೊರಟು, ಅಲಾಸ್ಕಾದ ಆಂಕರೇಜಿನಲ್ಲಿ ಇಳಿದು, ಊಟ ತುಂಬಿಕೊಂಡು ಯೂರೋಪಿಗೆ ಹಾರುತ್ತಿತ್ತು. ಒಳಗೆ 344 ಪ್ರಯಾಣಿಕರು. ಬೆಳಗಿನ ತಿಂಡಿಗೆ ಆಮ್ಲೆಟ್ಟು, ಜತೆಗೆ ಹ್ಯಾಮ್, ಅಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿ ಮಾಂಸ. ತಿಂಡಿ ಮುಗಿದು ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ವಾಂತಿ ಶುರು. ಫೆಬ್ರುವರಿ 3ರಂದು ಕೋಪನ್‌ಹೇಗನ್ನಿನಲ್ಲಿ ಇಳಿಯುವ ಹೊತ್ತಿಗೆ 196 ಪ್ರಯಾಣಿಕರು, ಒಬ್ಬ ಗಗನಸಖಿ ಕಾಯಿಲೆ ಬಿದ್ದಿದ್ದರು. ನೂರ ನಲವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು.

ವಿಮಾನ ನಡೆಸುವವರು ಹೇಗೆ ಉಳಿದರು? ಅವರು ಆಂಕರೇಜಿನಲ್ಲಿ ಹತ್ತಿದವರು. ಅವರ ಹೊಟ್ಟೆಯ ಗಡಿಯಾರದಲ್ಲಿ ಅದು ರಾತ್ರಿ ಊಟದ ಹೊತ್ತು. ಆಮ್ಲೆಟ್ ಬೇಡ ಅಂದು ಸ್ಟೀಕ್ ತಿಂದಿದ್ದರು. ಅದೊಂದೇ ಕಾರಣಕ್ಕೆ ಆ ವಿಮಾನ ನೆಟ್ಟಗೆ ನೆಲ ಮುಟ್ಟಿತು. ಪೈಲಟ್ಟು, ಕೋ-ಪೈಲಟ್ಟು ಇಬ್ಬರೂ ಒಂದೇ ಊಟ ಮಾಡಬಾರದು ಅನ್ನೋ ಕಟ್ಟಳೆಗೆ ಇಷ್ಟು ತೂಕ ಬಂದಿದ್ದು ಇಂಥದ್ದರಿಂದಲೇ.

ತನಿಖೆ ಅಡುಗೆಮನೆಗೆ ಹೋಯಿತು. ಹ್ಯಾಮ್ ಮುಟ್ಟಿದ ಒಬ್ಬ ಅಡುಗೆಯವನ ಬೆರಳಲ್ಲಿ ಕೀವಾದ ಗಾಯ. ಆ ಕೀವಿನಲ್ಲಿದ್ದ ಸೂಕ್ಷ್ಮಜೀವಿ ಮಾಂಸಕ್ಕೆ ಇಳಿದಿತ್ತು. ಟ್ರೇಗಳು ಗಂಟೆಗಟ್ಟಲೆ ತಣ್ಣಗಿರಬೇಕಾದಷ್ಟು ತಣ್ಣಗಿರಲಿಲ್ಲ. ಜೀವಿ ಬೆಳೆಯಿತು, ವಿಷ ಬಿಟ್ಟಿತು. ಆ ವಿಷದ ಗುಣ ಏನು ಗೊತ್ತಾ? ಬಿಸಿ ಮಾಡಿದರೂ ಹೋಗೋದಿಲ್ಲ. ಮೇಲೆ ಓವನ್ನಿನಲ್ಲಿ ಕಾಯಿಸಿದರೂ ಜೀವಿ ಸತ್ತೀತು, ವಿಷ ಅಲ್ಲೇ ಉಳಿಯುತ್ತೆ.

ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ. ಸತ್ತವರು ಒಬ್ಬರೇ. ಆ ಅಡುಗೆ ಸಂಸ್ಥೆಯ ಹಿರಿಯ ಅಧಿಕಾರಿ, ಅವಮಾನ ತಾಳಲಾರದೆ ತಾವೇ ಪ್ರಾಣ ಕಳೆದುಕೊಂಡರು.

ಈಗ ಹೇಳಿ. ವಿಮಾನದ ಕೋಳಿ ಒಣಗಿದೆ ಅಂತ ನಾವು ಗೊಣಗ್ತೀವಿ. ಆ ತಣ್ಣಗೆ ಮಾಡೋದು, ಮತ್ತೆ ಕಾಯಿಸೋದು, ರುಚಿ ಕೊಲ್ಲೋ ಆ ಕಟ್ಟಳೆಯೆಲ್ಲ ಇರೋದೇ ನಮ್ಮ ಹೊಟ್ಟೆ ಕಾಯೋಕೆ. ಸಪ್ಪೆ ಕೋಳಿಯನ್ನು ಸಹಿಸಬಹುದು. ಮೂವತ್ತೈದು ಸಾವಿರ ಅಡಿ ಮೇಲೆ ಇನ್ನೂರು ಜನಕ್ಕೆ ಒಟ್ಟಿಗೆ ವಾಂತಿಯಾದರೆ ಬಸ್ಸಿನ ಹಾಗೆ ಪಕ್ಕಕ್ಕೆ ನಿಲ್ಲಿಸೋಕೆ ಆಗುತ್ತಾ?

ಕೈ ತೋರಿಸು!

ನನಗೊಬ್ಬ ಗೆಳೆಯ ಇದ್ದಾನೆ. ನನ್ನ ಹಾಗೇ ಪಿಯುಸಿಗೆ ಕೈಮುಗಿದು ಹೊರಬಂದವನು. ನಾನು ಪೆನ್ನು ಹಿಡಿದೆ, ಅವನು ಸೌಟು ಹಿಡಿದ. ಈಗ ದೇವನಹಳ್ಳಿ ಕಡೆ, ವಿಮಾನಗಳಿಗೆ ಊಟ ಕಳಿಸುವ ಒಂದು ಅಡುಗೆಮನೆಯಲ್ಲಿ ಮಾಂಸ ತಣ್ಣಗೆ ಮಾಡುವ ವಿಭಾಗದಲ್ಲಿ ಇದ್ದಾನೆ. ಒಂದು ದಿನಕ್ಕೂ ವಿಮಾನ ಹತ್ತಿದವನಲ್ಲ. ಅವನು ಇಳಿಸಿದ ಕೋಳಿ ದಿನಾ ಹಾರುತ್ತೆ, ಅವನು ಬಿಎಂಟಿಸಿ ಹಿಡಿದು ಮನೆಗೆ ಹೋಗ್ತಾನೆ.

ಕಳೆದ ತಿಂಗಳು ಟೀ ಕುಡೀತಾ ಕೇಳಿದೆ, “ಲೋ, ಒಳಗೆ ಹೋಗುವಾಗ ಏನೇನು ಚೆಕ್ ಮಾಡ್ತಾರೋ?”

ಎರಡೂ ಕೈ ಮುಂದೆ ಚಾಚಿ ತೋರಿಸಿದ. “ಇದನ್ನೇ ಮಗಾ. ಮೊದಲು ಕೈ. ಈ ಕಡೆ, ಆ ಕಡೆ, ಉಗುರು, ಬೆರಳ ಸಂದಿ. ಗಾಯ ಇದ್ರೆ ಮಾಂಸದ ಹತ್ರ ಬಿಡಲ್ಲ. ಸಣ್ಣ ಗೀರಿದ್ರೂ ನೀಲಿ ಪಟ್ಟಿ.”

“ನೀಲಿ ಯಾಕೆ?”

“ಯಾವ ಅಡುಗೇನೂ ನೀಲಿ ಇರಲ್ವಲ್ಲ. ಬಿದ್ರೆ ಕಾಣುತ್ತೆ.”

ಆಮೇಲೆ ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಇದಕ್ಕೂ ಮೊದಲು ಅವನು ಒಂದು ದೊಡ್ಡ ಕೇಟರಿಂಗಿನಲ್ಲಿದ್ದ. ಮದುವೆ, ಆರತಕ್ಷತೆ, ದಿನಕ್ಕೆ ಸಾವಿರ ಎಲೆ. ಅಲ್ಲಿ ಕೈ ಕೊಯ್ದುಕೊಂಡೆ ಅಂದರೆ “ಮನೆಗೆ ಹೋಗು” ಅಂತಿದ್ದರು. ಮನೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಹಾಗಾಗಿ ಹುಡುಗರೆಲ್ಲ ಏನು ಮಾಡುತ್ತಿದ್ದರು? ಗಾಯ ಮುಚ್ಚಿಡುತ್ತಿದ್ದರು. ಬಟ್ಟೆ ಚೂರು ಸುತ್ತಿ, ಅದೇ ಕೈಯಲ್ಲಿ ಮಾಂಸ ಕಲಸುತ್ತಿದ್ದರು. ಈಗಿರುವ ಕಡೆ ಗಾಯ ತೋರಿಸಿದರೆ ಡಬ್ಬಿ ಜೋಡಿಸುವ ಕೆಲಸಕ್ಕೆ ಹಾಕ್ತಾರೆ, ಕೂಲಿ ಕತ್ತರಿಸೋದಿಲ್ಲ. “ಅದಕ್ಕೇ ತೋರಿಸ್ತೀವಿ ಮಗಾ,” ಅಂದ.

ಇಷ್ಟೇ ವಿಷಯ. ಊಟದ ಗುಣಮಟ್ಟ ಅಂತ ದೊಡ್ಡ ದೊಡ್ಡ ಕಂಪನಿಗಳು ಬಣ್ಣದ ಜಾಹೀರಾತು ಕೊಡ್ತವೆ. ಹೆಸರಾಂತ ಬಾಣಸಿಗನ ಫೋಟೋ, ತಟ್ಟೆಯ ಮೇಲೆ ಕೊತ್ತಂಬರಿ ಸೊಪ್ಪು. ಆದರೆ ಅಸಲು ಗುಣಮಟ್ಟ ನಿಂತಿರೋದು, ಬೆರಳು ಕೊಯ್ದುಕೊಂಡ ಹುಡುಗ ಅದನ್ನು ಧೈರ್ಯವಾಗಿ ತೋರಿಸಬಹುದಾ ಅನ್ನೋದರ ಮೇಲೆ. ತೋರಿಸಿದವನ ಕೂಲಿ ಕತ್ತರಿಸಿದರೆ ನಾಳೆಯಿಂದ ಯಾರೂ ತೋರಿಸೋದಿಲ್ಲ. ಆಗ ಎಷ್ಟು ತಣ್ಣಗೆ ಮಾಡಿದರೇನು, ಎಷ್ಟು ಡಿಗ್ರಿ ಬರೆದಿಟ್ಟರೇನು!

ಕೊನೆಗೆ, ಮೊದಲ ಸಲ ಹಾರಲಿರುವ ಗೆಳೆಯರಿಗೆ ನಾಲ್ಕು ಮಾತು. ಟಿಕೆಟ್ ತೆಗೆಸುವಾಗಲೇ ಊಟ ಸೇರಿದೆಯಾ ಇಲ್ಲವಾ ಕೇಳಿ. ದೂರದ ಹಾರಾಟವಾದರೆ ಹಿಂದೂ ನಾನ್‌ವೆಜ್, ಮುಸ್ಲಿಂ ಊಟ ಅಂತ ಬೇರೆ ಬೇರೆ ಬಗೆ ಇರುತ್ತವೆ, ಒಂದೆರಡು ದಿನ ಮೊದಲೇ ಹೇಳಿಟ್ಟರೆ ಕೊಡ್ತಾರೆ. ಗ್ರಿಲ್ಲು, ಕಬಾಬು ಬಿಟ್ಟು ಕರಿ ಇರೋದನ್ನು ಆರಿಸಿ. ಊಟಕ್ಕೆ ಮೊದಲು ಎರಡು ಲೋಟ ನೀರು ಕುಡಿಯಿರಿ, ಒಣಗಿದ ಬಾಯಿಗೆ ಯಾವ ಬಾಣಸಿಗನೂ ರುಚಿ ಕೊಡಲಾರ.

ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಹೋಟೆಲ್ಲಿನ ಹಿಂಬಾಗಿಲಲ್ಲಿ ಕೂತು ಓದುವ ಸಪ್ಲೈಯರ್, ಕ್ಲೀನರ್, ಅಡುಗೆ ಭಟ್ಟರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದಾರೆ ಅಂತ ನನಗೆ ಗೊತ್ತು. ನಿಮಗೆ ಬೇರೆಯೇ ಒಂದು ಮಾತು. ಕೈ ಕೊಯ್ದರೆ ಮುಚ್ಚಬೇಡಿ ತಮ್ಮಂದಿರಾ, ಓನರಿಗೆ ತೋರಿಸಿ, ಬೇರೆ ಕೆಲಸ ಕೇಳಿ. ಹೋಟೆಲ್ ಓನರುಗಳೂ ಇದನ್ನು ಓದುತ್ತಿದ್ದರೆ, ಅಣ್ಣಾ, ಆ ಹುಡುಗನನ್ನು ಅವತ್ತು ಕ್ಯಾಷ್ ಕೌಂಟರಿನ ಪಕ್ಕ ಟೋಕನ್ ಹರಿಯೋಕೆ ಕೂರಿಸಿ. ಸಂಜೆ ಅವನ ಪೂರ್ತಿ ಕೂಲಿ ಎಣಿಸಿ ಕೊಡಿ.